ತೂತಿಲ್ಲದ ಸೇಫ್ಟಿ ವಾಲ್ವ್: ಆನ್‌ಲೈನ್ ಮಾರಾಟ ಸಂಸ್ಥೆಗೆ ಒಂದು ದೂರು ಪತ್ರ

ಇಂದ,
ನಿಮ್ಮ ಗ್ರಾಹಕಿ,
ಕ್ಯಾತ್ಸಂದ್ರ, ತುಮಕೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಮಾರಾಟ ಸಂಸ್ಥೆ

ವಿಷಯ: ನಿಮ್ಮ ಆ್ಯಪ್‌ನಲ್ಲಿ 749 ರೂಪಾಯಿಗೆ ಕೊಂಡ 5 ಲೀಟರ್ ಪ್ರೆಷರ್ ಕುಕ್ಕರ್ ಬಗ್ಗೆ

ಮಾನ್ಯರೇ,

ಇದು ನಿಮಗೆ ನನ್ನ ಎರಡನೇ ಪತ್ರ. ಮೊದಲನೆಯದನ್ನು ಇಮೇಲ್ ಮಾಡಿ ಒಂಬತ್ತು ದಿನ ಆಯಿತು. ತಲುಪಿದೆ ಅನ್ನುವ ಒಂದು ಸಾಲೂ ಬರಲಿಲ್ಲ. ಅದಕ್ಕೇ ಈ ಸಲ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ, ರಸೀದಿಯಾದರೂ ಕೈಯಲ್ಲಿರಲಿ ಅಂತ.

ಮೊದಲೇ ಹೇಳಿಬಿಡುತ್ತೇನೆ, ಆನ್‌ಲೈನ್ ಅಂದರೆ ಮೂಗು ಮುರಿಯುವವಳಲ್ಲ ನಾನು. ನಾಲ್ಕು ವರ್ಷದಿಂದ ನಿಮ್ಮಲ್ಲೇ ತರಿಸುತ್ತಿದ್ದೇನೆ. ನಮ್ಮ ಹಳೇ ಮಿಕ್ಸಿಯ ಕಪ್ಲರ್ ಸವೆದಾಗ ಎಂ.ಜಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದ್ದೆ. 'ಆ ಮಾಡೆಲ್ ನಿಂತೋಯ್ತು, ಹೊಸ ಮಿಕ್ಸಿ ತಗೊಳ್ಳಿ' ಅಂದವರೇ ಎಲ್ಲ. ನಿಮ್ಮಲ್ಲಿ 90 ರೂಪಾಯಿಗೆ ಸಿಕ್ಕಿತು, ಮಿಕ್ಸಿ ಇವತ್ತಿಗೂ ಓಡುತ್ತಿದೆ. ಅತ್ತೆಗೆ ಬಿಪಿ ನೋಡುವ ಮೆಷಿನ್, ಮಗಳ ಪಿಯುಸಿ ಪುಸ್ತಕ ಎಲ್ಲ ಅಂಗಡಿಗಿಂತ ಕಡಿಮೆಗೇ ಬಂದವು. ಆ ನಂಬಿಕೆಯ ಮೇಲೇ ಕುಕ್ಕರ್ ತರಿಸಿದ್ದು.

ಸಂಕ್ರಾಂತಿ ಸೇಲ್ ಅಂತ ಹಾಕಿದ್ದಿರಿ. ಎಂಆರ್‌ಪಿ 3,499 ಹೊಡೆದುಹಾಕಿ 749. ಪಕ್ಕದಲ್ಲಿ 'ಇನ್ನು 2 ಮಾತ್ರ ಉಳಿದಿವೆ', ಅದರ ಕೆಳಗೆ ಹದಿನಾಲ್ಕು ನಿಮಿಷದ ಗಡಿಯಾರ ಓಡುತ್ತಿತ್ತು. ಆತುರಕ್ಕೆ ಬಿದ್ದು ಒತ್ತಿಬಿಟ್ಟೆ. ಮಾರನೇ ದಿನ ಮಗಳು ತೆರೆದು ನೋಡಿದರೆ ಅದೇ 2, ಅದೇ ಹದಿನಾಲ್ಕು ನಿಮಿಷ. ಬಿಲ್ಲಿನಲ್ಲಿ 'ಪ್ರೊಟೆಕ್ಷನ್' ಅಂತ 29 ರೂಪಾಯಿ ಬೇರೆ ಸೇರಿತ್ತು, ಅದನ್ನು ನಾನು ಕೇಳಿಯೇ ಇರಲಿಲ್ಲ. ಇಂಥ ಕಣ್ಕಟ್ಟುಗಳು 13 ಬಗೆ ಎಂದು ಗುರುತಿಸಿ ಸರ್ಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದೂ, ಕೇಳದ್ದನ್ನು ಬುಟ್ಟಿಗೆ ತುಂಬುವುದೂ ಆ ಪಟ್ಟಿಯಲ್ಲಿವೆ.

ಹೊಸ ಪಾತ್ರೆ ಹಬ್ಬದ ದಿನವೇ ಒಲೆ ಏರಲಿ ಎಂದರು ಅತ್ತೆ. ಹಾಗಾಗಿ ಡಬ್ಬಿ ಹತ್ತು ದಿನ ಹಾಗೇ ಇತ್ತು. ಹಬ್ಬದ ಬೆಳಿಗ್ಗೆ ಅವರೇಕಾಯಿ, ಗೆಣಸು ಬೇಯಲು ಇಟ್ಟೆ. ಒಂದು ಸಲ ಕೂಗಿತು, ಆಮೇಲೆ ಸದ್ದಿಲ್ಲ. ಐದಾರು ನಿಮಿಷ ಕಳೆದಿರಬೇಕು, ಹಿಡಿಯ ಪಕ್ಕದಿಂದ ಬುಸ್ಸೆಂದು ಆವಿ ಬಂತು. ಗ್ಯಾಸ್ ಆರಿಸಲು ಕೈ ಚಾಚುವಷ್ಟರಲ್ಲಿ ಮುಚ್ಚಳದ ಸಂದಿಯಿಂದ ಗ್ಯಾಸ್ಕೆಟ್ ಕುಣಿಕೆಯ ಹಾಗೆ ಈಚೆ ಬಂದು, ಕುದಿಯುವ ನೀರು ಗೋಡೆಯ ಟೈಲ್ಸ್‌ಗೆ ರಾಚಿತು. ನನ್ನ ಎಡ ಮಣಿಕಟ್ಟು ಸುಟ್ಟಿತು. ಕಾಯಿ ತುರಿಯುತ್ತ ಅಲ್ಲೇ ಕೂತಿದ್ದ ಅತ್ತೆ, ಬೆಲ್ಲ ತರಲು ಆಗಷ್ಟೇ ಎದ್ದು ಹೋಗಿದ್ದರು.

ಮಾರನೇ ದಿನ ಮಂಡಿಪೇಟೆಯಲ್ಲಿ ಕುಕ್ಕರ್ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ವೆಯ್ಟ್ ಕೂರುವ ನಳಿಕೆಗೆ ತಂತಿ ತೂರಿಸಿದರು, ಅವರೇಕಾಯಿ ಸಿಪ್ಪೆ ಈಚೆ ಬಂತು. ಸರಿ, ಅದು ಯಾವ ಕುಕ್ಕರ್‌ನಲ್ಲೂ ಆಗಬಹುದು. ಹಾಗಾದಾಗ ಕಾಪಾಡಲಿ ಅಂತಲೇ ಸೇಫ್ಟಿ ವಾಲ್ವ್ ಇರುವುದು. ಒಳಗೆ ಶಾಖ, ಒತ್ತಡ ಮಿತಿ ಮೀರಿದರೆ ಅದರ ಲೋಹ ಕರಗಿ ಆವಿಗೆ ದಾರಿ ಬಿಡಬೇಕು. ಅವರು ಮುಚ್ಚಳ ಮಗುಚಿ ನನಗೇ ತೋರಿಸಿದರು. ಮೇಲೆ ವಾಲ್ವಿನಂತೆ ಕಾಣುವ ಒಂದು ಗುಂಡಿ, ಒಳಗಡೆ ತೂತೇ ಇಲ್ಲ! ಅಲ್ಯೂಮಿನಿಯಂ ತಗಡಿನ ಮೇಲೆ ಸುಮ್ಮನೆ ಅಂಟಿಸಿದ್ದಾರೆ.

'ಅಕ್ಕಾ, ಗ್ಯಾಸ್ಕೆಟ್ಟೂ ಕಳಪೆ ಆಗಿದ್ದೇ ಒಳ್ಳೇದಾಯ್ತು. ಅದು ಗಟ್ಟಿ ಇದ್ದಿದ್ರೆ ಮುಚ್ಚಳವೇ ಸೂರಿಗೆ ಹಾರ್ತಿತ್ತು' ಅಂದರು. ರಿಪೇರಿ ಮಾಡಲು ಒಪ್ಪಲಿಲ್ಲ, ದುಡ್ಡೂ ತಗೊಳ್ಳಲಿಲ್ಲ.

ಐಎಸ್‌ಐ ಗುರುತು ಹುಡುಕಿದೆವು. ನಿಮ್ಮ ಆ್ಯಪ್‌ನ ಫೋಟೋದಲ್ಲಿ ಅದು ಎದ್ದು ಕಾಣುತ್ತದೆ. ಮನೆಗೆ ಬಂದ ಕುಕ್ಕರ್‌ನ ಮೈಮೇಲಾಗಲಿ ತಳದಲ್ಲಾಗಲಿ ಇಲ್ಲ. ಕುಕ್ಕರ್‌ಗಳ ಮಾನದಂಡವಾದ ಐಎಸ್ 2347 ಎಂಬ ಸಂಖ್ಯೆಯಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ಡಬ್ಬಿಯ ಮೇಲೆ ತಯಾರಕರ ವಿಳಾಸವೂ ಇಲ್ಲ. 2021ರ ಫೆಬ್ರವರಿಯಿಂದ ಐಎಸ್‌ಐ ಗುರುತಿಲ್ಲದ ಮನೆಬಳಕೆಯ ಕುಕ್ಕರ್ ಮಾರುವುದೇ ಅಪರಾಧ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ತಪ್ಪಿಗೆ ದೊಡ್ಡ ಜಾಲತಾಣಗಳಿಗೆ ಒಂದೊಂದು ಲಕ್ಷ ರೂಪಾಯಿ ದಂಡ ಹಾಕಿ, ಕೊಂಡವರಿಗೆಲ್ಲ ತಿಳಿಸಿ ಕುಕ್ಕರ್ ವಾಪಸ್ ಪಡೆದು ಹಣ ಕೊಡಿ ಎಂದಿತ್ತು. ಹೀಗಿರುವಾಗ ನಿಮಗೆ ಗೊತ್ತಿರಲಿಲ್ಲ ಎಂದರೆ ನಾನು ಹೇಗೆ ನಂಬಲಿ?

ನಿಮ್ಮ ಆ್ಯಪ್ ಕೊಟ್ಟ ಉತ್ತರ: 'ಕ್ಷಮಿಸಿ, 7 ದಿನಗಳ ರಿಟರ್ನ್ ಅವಧಿ ಮುಗಿದಿದೆ.' ಮನುಷ್ಯರ ಜೊತೆ ಮಾತಾಡೋಣವೆಂದರೆ ಆ್ಯಪ್‌ನಲ್ಲಿ ನಂಬರೇ ಸಿಗಲಿಲ್ಲ. ಗೂಗಲ್‌ನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿದೆ, ಮೊದಲಿಗೇ ಬಂದ ನಂಬರ್‌ಗೆ ಫೋನ್ ಮಾಡಿದೆ. ಆ ಕಡೆಯವನು ಬಹಳ ಮರ್ಯಾದೆಯಿಂದ ಮೇಡಂ, ಮೇಡಂ ಅನ್ನುತ್ತ ಫೋನಿನ ಪರದೆ ಅವನಿಗೆ ಕಾಣುವಂಥ ಒಂದು ಆ್ಯಪ್ ಹಾಕಿಕೊಳ್ಳಲು ಹೇಳಿದ, ಆಮೇಲೆ ಯುಪಿಐ ಪಿನ್ ಒತ್ತಿ ಎಂದ. ದುಡ್ಡು ಬರುವುದಕ್ಕೆ ಪಿನ್ ಯಾಕೆ ಎಂದು ಮಗಳು ಫೋನ್ ಕಿತ್ತುಕೊಂಡು ಕಟ್ ಮಾಡಿದಳು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇವೆ. ನೀವು ನಿಮ್ಮ ನಂಬರ್ ಬಚ್ಚಿಟ್ಟ ಜಾಗದಲ್ಲೇ ಕಳ್ಳರು ತಮ್ಮ ನಂಬರ್ ಇಟ್ಟುಕೊಂಡು ಕೂತಿದ್ದಾರೆ.

749ಕ್ಕೆ ಕೊಂಡ ಕುಕ್ಕರ್ ಇಪ್ಪತ್ತು ವರ್ಷ ಬಾಳಲಿ ಎಂದು ನಾನೇನೂ ಕೇಳುತ್ತಿಲ್ಲ. ಹಿಡಿ ಬೇಗ ಸಡಿಲವಾಗಲಿ, ತಳ ಸೀಯಲಿ, ಅಗ್ಗಕ್ಕೆ ಕೊಂಡವಳು ಅದನ್ನು ಸಹಿಸಿಕೊಳ್ಳುತ್ತಾಳೆ. ಸುಳ್ಳು ವಾಲ್ವ್ ಆ ಲೆಕ್ಕಕ್ಕೆ ಬರುವುದಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷವಿರುವ, ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದ ವಸ್ತುವನ್ನು ಮಾರಿದವರು ವಾಪಸ್ ತಗೊಳ್ಳುವುದಿಲ್ಲ ಎನ್ನುವಂತಿಲ್ಲ. ದೂರು ಬಂದಿದೆ ಎಂದು ನೀವು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ನನಗೆ 749 ಮತ್ತು 29, ಒಟ್ಟು 778 ರೂಪಾಯಿ ವಾಪಸ್ ಬರಬೇಕು. ಅದಕ್ಕಿಂತ ಮುಖ್ಯ, ಈ ಕುಕ್ಕರ್ ನಿಮ್ಮ ಆ್ಯಪ್‌ನಿಂದ ಇವತ್ತೇ ಹೋಗಬೇಕು. ನನ್ನಂತೆ ಕೊಂಡವರಿಗೆಲ್ಲ ಒಲೆಯ ಮೇಲೆ ಇಡಬೇಡಿ ಎಂದು ನೀವೇ ಮೆಸೇಜ್ ಕಳಿಸಬೇಕು. ಅವರ ಫೋನ್ ನಂಬರ್ ನಿಮ್ಮ ಹತ್ತಿರ ಇದ್ದೇ ಇದೆ, ದಿನಕ್ಕೆ ಐದು ಸಲ ಆಫರ್ ಕಳಿಸುತ್ತೀರಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ತಿಂಗಳೊಳಗೆ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಾನು ಇರುವ ಊರಿನಲ್ಲೇ ಕೇಸ್ ಹಾಕಬಹುದಂತೆ, 5 ಲಕ್ಷದವರೆಗೆ ಶುಲ್ಕವೂ ಇಲ್ಲವಂತೆ. ನಮ್ಮ ಮನೆಯಿಂದ ಅಲ್ಲಿಗೆ ಒಂದು ಸಿಟಿ ಬಸ್ ಅಷ್ಟೇ.

ಬಿಲ್, ಆ್ಯಪ್‌ನ ಫೋಟೋ, ಮುಚ್ಚಳದ ಒಳಮೈ ಫೋಟೋ ಲಗತ್ತಿಸಿದ್ದೇನೆ. ಕುಕ್ಕರ್ ಅದರ ಡಬ್ಬಿಯಲ್ಲೇ ಅಟ್ಟದ ಮೇಲಿದೆ. ನಿಮ್ಮ ಹುಡುಗ ಬಂದರೆ ಕೊಡುತ್ತೇನೆ, ಆದರೆ ಐಎಸ್‌ಐ ಗುರುತಿಲ್ಲದ ಕುಕ್ಕರ್ ಪಡೆದಿದ್ದೇವೆ ಎಂದು ನಿಮ್ಮ ಸಂಸ್ಥೆಯ ಸೀಲು ಹಾಕಿದ ಪತ್ರ ತಂದಿರಬೇಕು. ಬರೀ ಓಟಿಪಿ ಕೇಳಿಕೊಂಡು ಬಂದರೆ ಕೊಡುವುದಿಲ್ಲ.

ಇತಿ,
ಕ್ಯಾತ್ಸಂದ್ರದ ನಿಮ್ಮ ಗ್ರಾಹಕಿ