ಗುಳೆ ಹೋದವರ ಸಂಸಾರ ಪರದೆಗೆ ಬರಲಿ

ಸಂಪಾದಕರಿಗೆ ನಮಸ್ಕಾರ,

ಹಳ್ಳಿಯಿಂದ ನಗರಕ್ಕೆ ದುಡಿಯಲು ಹೋದವನು ನಮ್ಮ ಸಿನಿಮಾಗಳಲ್ಲಿ ಒಂದೋ ಮಚ್ಚು ಹಿಡಿಯುತ್ತಾನೆ, ಇಲ್ಲಾ ಮಚ್ಚು ಹಿಡಿದವನ ಹಿಂದೆ ನಿಲ್ಲುತ್ತಾನೆ. ಅವನ ಹೆಂಡತಿ ಅಳೋದಕ್ಕೆ ಮಾತ್ರ ಬರುತ್ತಾಳೆ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಗೋವಾ, ಪುಣೆ, ಮುಂಬೈಗೆ ಗುಳೆ ಹೋಗುವವರನ್ನು ನೋಡುತ್ತಲೇ ಬೆಳೆದ ನನಗೆ ಇದು ತುಂಬಾ ಬೇಜಾರು.

ಜೋಳದ ಹಿಟ್ಟಿನ ಚೀಲ, ಕಟಕ ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ ಬಸ್ಸಿಗೆ ಏರಿಸಿ, ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಗಂಡ ಹೆಂಡತಿ ಹೊರಡುತ್ತಾರೆ. ತಗೊಂಡ ಮುಂಗಡ ಮೊದಲೇ ಹಳೇ ಸಾಲಕ್ಕೆ ಹೋಗಿರುತ್ತದೆ. ಅಲ್ಲಿ ತಗಡಿನ ಶೆಡ್ಡು, ಮಧ್ಯೆ ಕಟ್ಟಿದ ಸೀರೆಯ ಆಚೆ ಇನ್ನೊಂದು ಸಂಸಾರ. ಜಗಳ ಆಡೋಕೂ ಮರೆ ಇಲ್ಲ, ಕೂಡಿ ಮಾತಾಡೋಕೂ ಇಲ್ಲ. ಪಗಾರ ತಡವಾದರೆ ಕುಡಿತ, ಕುಡಿದರೆ ಹೊಡೆತ, ಆಮೇಲೆ ಕೈಗಡ ಕೊಟ್ಟವನು ಒಂದು ಸಣ್ಣ ಕೆಲಸ ಇದೆ, ಮಾಡ್ತೀಯಾ ಅಂತ ಕೇಳುತ್ತಾನೆ. ಎಷ್ಟೋ ಸಲ ಅಪರಾಧ ಶುರುವಾಗೋದು ಹೀಗೇ ಅಲ್ವಾ?

ಗೋವಾದ ಬೈನಾದಲ್ಲಿ 2004ರಲ್ಲಿ, ಮತ್ತೆ 2017ರಲ್ಲಿ ಮನೆಗಳನ್ನು ಕೆಡವಿದಾಗ ಎಷ್ಟೋ ಕನ್ನಡಿಗರು ಬೀದಿಗೆ ಬಿದ್ದರು. ಅದೂ ಕಥೆಯೇ.

ನಿರ್ದೇಶಕರು ಒಮ್ಮೆ ಇಂಡಿ ಬಸ್ ನಿಲ್ದಾಣಕ್ಕೆ ಬಂದು ಕೂರಲಿ. ನಮ್ಮ ಕಡೆಯ ಭಾಷೆಯನ್ನು ಸುಮ್ನೆ ನಗಿಸೋಕೆ ಬಳಸಿದ್ದು ಸಾಕು, ಆ ಗಂಡ ಹೆಂಡತಿ ನೋವು ತೋಡಿಕೊಳ್ಳೋದೂ ಅದರಲ್ಲೇ ಇರಲಿ, ಅವಳಿಗೂ ಒಂದು ಸಿಟ್ಟು, ಒಂದು ತೀರ್ಮಾನ ಇರಲಿ. ಚಿತ್ರಮಂದಿರದವರು ಇಂಥ ಸಿನಿಮಾಗಳಿಗೆ ರಾತ್ರಿ ಆಟ ಕೊಡಲಿ. ಬೆಳಗಿನ ಆಟಕ್ಕೆ ಕೂಲಿಯವರು ಹೇಗೆ ಬರಬೇಕು?

– ಒಬ್ಬ ಪ್ರೇಕ್ಷಕ, ವಿಜಯಪುರ