ಹಾಡೋರ ಮುಖಕ್ಕೆ ನೇರಳೆ ಲೈಟ್ ಬೇಡ

ಸಂಪಾದಕರಿಗೆ ನಮಸ್ಕಾರ,

ರಾಮನವಮಿ ಬಂತಂದ್ರೆ ಬೆಂಗಳೂರಲ್ಲಿ ಬೀದಿಬೀದಿಗೂ ಸಂಗೀತ ಕಛೇರಿ. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸ್ಕೊಂಡು ಬಂದಿದ್ದಾರೆ. ಇಂಥ ಕಛೇರಿಗಳ ಫೋಟೋ ತೆಗೆಯೋನು ನಾನು, ಆಯೋಜಕರ ಹತ್ರ ಒಂದೇ ಕೇಳ್ಕೊಳ್ಳೋದು, ಹಾಡೋರ ಮುಖದ ಮೇಲೆ ದಯವಿಟ್ಟು ನೀಲಿ, ನೇರಳೆ ಎಲ್‌ಇಡಿ ಬಿಡ್ಬೇಡಿ. ನೀಲಿ ಲೈಟ್‌ನಲ್ಲಿ ಕುಂಕುಮ ಕಪ್ಪಾಗಿ ಕಾಣುತ್ತೆ, ಸೀರೆ ಬಣ್ಣ ಯಾವ್ದು ಅಂತಾನೇ ಗೊತ್ತಾಗಲ್ಲ, ಆಮೇಲೆ ಕಂಪ್ಯೂಟರ್‌ನಲ್ಲಿ ಎಷ್ಟೇ ತಿದ್ದಿದ್ರೂ ಆ ಮುಖದ ಕಳೆ ವಾಪಸ್ ಬರಲ್ಲ.

ಇನ್ನೊಂದು ತೊಂದರೆ ಕೂತು ಕೇಳೋರ ಕಣ್ಣಿಗೆ ಕಾಣಲ್ಲ. ಅಗ್ಗದ ಎಲ್‌ಇಡಿಗಳು ನಮ್ಮ 50 ಹರ್ಟ್ಸ್ ಕರೆಂಟಲ್ಲಿ ಸೆಕೆಂಡಿಗೆ 100 ಸಲ ಮಿಣುಕ್ತಾವೆ. ಆಲಾಪನೆ ನಡೀವಾಗ ಶಟರ್ ಟಕ್ ಟಕ್ ಅಂದ್ರೆ ಮುಂದಿನ ಸಾಲಿನೋರಿಗೆ ಕಿರಿಕಿರಿ, ಅದು ನ್ಯಾಯಾನೇ, ಹಾಗಂತ ಸದ್ದಿಲ್ಲದ ಶಟರ್ ಹಾಕಿದ್ರೆ ಆ ಮಿಣುಕಿನಿಂದ ಫೋಟೋ ತುಂಬಾ ಅಡ್ಡಡ್ಡ ಕಪ್ಪು ಪಟ್ಟೆ. ಶಟರ್ 1/100 ಸೆಕೆಂಡಿಗೆ ಇಳಿಸಿದ್ರೆ ಪಟ್ಟೆ ಹೋಗುತ್ತೆ ಸರಿ, ಆದ್ರೆ ಮೃದಂಗದ ಮೇಲಿನ ಬೆರಳು ಹೊಗೆ ಥರ ಕಲಸಿ ಹೋಗುತ್ತೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ, ಕಣ್ಮುಚ್ಚಿ ಹಾಡ್ತಿರೋರ ಮುಖಕ್ಕೆ ಬೆಳಕು ಎರಚೋದು ಅಪಚಾರ.

ಇಷ್ಟೆಲ್ಲ ಯಾಕೆ ಹೇಳ್ತಿದೀನಂದ್ರೆ ಲೈಟ್ ಚೆನ್ನಾಗಿದ್ರೆ ಸಿಗೋ ಖುಷಿ ಅಷ್ಟು ದೊಡ್ಡದು. ಹಾಡು ನಿಲ್ಲಿಸಿ ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಸೋ ತನಿ ಆವರ್ತನದ ಕೊನೇಲಿ ಕೋರ್ವೆ, ಅಂದ್ರೆ ಮುಕ್ತಾಯದ ಲಯದ ಜೋಡಣೆ, ಮೂರು ಸಲ ಬರುತ್ತೆ, ತಾಳ ಗೊತ್ತಿರೋ ಫೋಟೋಗ್ರಾಫರ್ ಮೊದಲೆರಡು ಸಲ ಬರೀ ಫ್ರೇಮ್ ಸರಿ ಮಾಡ್ಕೊಂಡು ಉಸಿರು ಹಿಡ್ಕೊಂಡು ಕೂತಿರ್ತಾನೆ, ಮೂರನೇ ಸಲ ಮುಗಿದು ಪಲ್ಲವಿಗೆ ಎತ್ತುಗಡೆ, ಅಂದ್ರೆ ಹಾಡು ಮತ್ತೆ ಶುರುವಾಗೋ ಜಾಗ, ಸಿಗೋ ಆ ಗಳಿಗೇಲಿ ಹಾಡೋರ ಕೈ ತೊಡೆ ಮೇಲೆ ಬೀಳುತ್ತೆ, ಪಿಟೀಲಿನೋರು ತಲೆ ಎತ್ತಿ ನೋಡ್ತಾರೆ, ಮೃದಂಗದೋರ ಮುಖದಲ್ಲಿ ನಗು. ಆಗ ಕ್ಲಿಕ್ ಮಾಡ್ಬೇಕು, ಅರ್ಧ ಸೆಕೆಂಡ್ ತಡವಾದ್ರೂ ಎಲ್ಲರೂ ನೀರಿನ ಬಾಟಲಿ ಕಡೆ ತಿರುಗಿರ್ತಾರೆ! ಮೈಕ್ ಬಾಯಿಗೆ ಅಡ್ಡ ಬರೋದೂ ಇದೆ, ಅದಕ್ಕೆ ಎರಡಡಿ ಪಕ್ಕಕ್ಕೆ ಸರಿದ್ರೆ ಸಾಕು. ಲೈಟ್ ವಿಷಯ ನಮ್ಮ ಕೈಲಿಲ್ಲ.

ಖರ್ಚೂ ಹೆಚ್ಚಿಲ್ಲ. ಮಿಣುಕದ ಬಿಳಿ ಲೈಟ್ ಎರಡು ಕಡೆಯಿಂದ ಮುಖಕ್ಕೆ ಬಿಡಿ, ಬಣ್ಣ ಬೇಕಿದ್ರೆ ಹಿಂದಿನ ಪರದೆಗೆ ಇಟ್ಕೊಳ್ಳಿ. ಸೌಂಡ್ ಚೆಕ್ ಮಾಡೋ ಹೊತ್ತಲ್ಲೇ ಲೈಟನ್ನೂ ಕ್ಯಾಮೆರಾದಲ್ಲಿ ಒಂದ್ಸಲ ನೋಡಿ, ಕರೆದ್ರೆ ನಮ್ಮಂಥೋರು ಬಂದು ನೋಡಿ ಹೇಳ್ತೀವಿ, ದುಡ್ಡೇನೂ ಬೇಡ.

– ಒಬ್ಬ ಕಛೇರಿ ಫೋಟೋಗ್ರಾಫರ್, ಬೆಂಗಳೂರು