ಶೇಂಗಾದ ಕೆಂಪು ಸಿಪ್ಪೆ ಕಸವಲ್ಲ

ಮಾನ್ಯ ಸಂಪಾದಕರೇ,

ಬೆಟಗೇರಿಯ ನಮ್ಮ ಮನೆಯಲ್ಲಿ 22 ವರ್ಷಗಳಿಂದ ಶೇಂಗಾ ಚಟ್ನಿ ಕುಟ್ಟಿ ಮಾರುತ್ತಿದ್ದೇನೆ. ಹುರಿದ ಕಾಳು ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಮೊರದಲ್ಲಿ ಕೇರಿದರೆ ಕೆಂಪು ಸಿಪ್ಪೆ ಹಿತ್ತಲೆಲ್ಲ ಹಾರುತ್ತದೆ, ಸೆರಗಿಗೂ ಕೂದಲಿಗೂ ಅಂಟುತ್ತದೆ. ಸಂಜೆ ಗುಡಿಸಿ ತಿಪ್ಪೆಗೆ ಸುರಿಯುವುದು ರೂಢಿ. 100 ಕಿಲೋ ಕಾಳಿಗೆ ಇದು ಸುಮಾರು 3 ಕಿಲೋ. ಹೊರಗಿನ ಗಟ್ಟಿ ಸಿಪ್ಪೆಯಾದರೆ 100 ಕಿಲೋ ಕಾಯಿಗೆ 25ರಿಂದ 30 ಕಿಲೋ. ಅದು ಭಟ್ಟಿ, ಬಾಯ್ಲರ್‌ಗಳಿಗೆ ಉರುವಲು.

ಆ ಕೆಂಪು ಸಿಪ್ಪೆಯನ್ನು ಒಮ್ಮೆ ನಾಲಿಗೆಯ ಮೇಲಿಟ್ಟು ನೋಡಿ. ಎಳೆ ಬಾಳೆಕಾಯಿ ಕಚ್ಚಿದಂತೆ ಬಾಯಿ ಒಗರಾಗುತ್ತದೆ. ಆ ಒಗರೇ ಅದರ ಸತ್ವ. ಟ್ಯಾನಿನ್, ಕ್ಯಾಟೆಚಿನ್‌ನಂಥ ಆಂಟಿಆಕ್ಸಿಡೆಂಟ್‌ಗಳು, ಅಂದರೆ ಗಾಳಿಗೆ ಕೆಡುವುದನ್ನು ತಡೆಯುವ ಅಂಶಗಳು, ಅದರಲ್ಲಿವೆ. ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್ ಕೂಡ ಇದೆ. ಗಟ್ಟಿ ಸಿಪ್ಪೆಯಲ್ಲಿ ಲ್ಯೂಟಿಯೋಲಿನ್ ಎಂಬ ಇಂಥದ್ದೇ ಅಂಶ ಇದೆ. ಕಾಳನ್ನು ಬಿಸಿ ನೀರಿನಲ್ಲಿ ನೆನೆಸಿ ಸುಲಿದರೆ ಒಗರಿನ ಬಹುಪಾಲು ನೀರಿಗೆ ಹೋಗುತ್ತದೆ, ನಮ್ಮಂತೆ ಹುರಿದು ತಿಕ್ಕಿದರೆ ಉಳಿಯುತ್ತದೆ. ಚಟ್ನಿ ಹಳೆಯದಾದಾಗ ಕಮಟು ವಾಸನೆ ಬರುವುದು ಎಣ್ಣೆಯಂಶ ಗಾಳಿಗೆ ಕೆಡುವುದರಿಂದ. ಅದನ್ನು ತಡೆಯುವ ಗುಣ ಈ ಸಿಪ್ಪೆಗಿದೆ ಎಂದು ಧಾರವಾಡದಲ್ಲಿ ಓದುತ್ತಿರುವ ತಮ್ಮನ ಮಗಳು ಹೇಳಿದಾಗ, ಇಷ್ಟು ವರ್ಷ ಸುರಿದದ್ದೆಲ್ಲ ನೆನಪಾಗಿ ಹೊಟ್ಟೆಯುರಿಯಿತು.

ಆದರೆ ಮಾರುಕಟ್ಟೆಗೆ ಬಣ್ಣವೇ ಮುಖ್ಯ. ಕಳೆದ ಶ್ರಾವಣದಲ್ಲಿ ಸಿಪ್ಪೆ ಸಮೇತ ಕುಟ್ಟಿದ 10 ಕಿಲೋ ಚಟ್ನಿಯನ್ನು ‘ಕಪ್ಪಾಗಿದೆ’ ಎಂದು ಅಂಗಡಿಯೊಂದು ಮರಳಿಸಿತು. ಓಣಿಯವರಿಗೆ ಹಂಚಿದೆ. ರೊಟ್ಟಿ, ಗಟ್ಟಿ ಮೊಸರಿನೊಂದಿಗೆ ಉಂಡವರು ಅದನ್ನೇ ಕೇಳಿಕೊಂಡು ಮತ್ತೆ ಬಂದರು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಇದನ್ನು ಓದಿ ಯಾರೂ ಗಟ್ಟಿ ಸಿಪ್ಪೆಯನ್ನು ಪುಡಿ ಮಾಡಿ ತಿನ್ನಬೇಡಿ. ಅದು ಮಣ್ಣಿನೊಳಗೆ ಬೆಳೆದದ್ದು. ಮಳೆಗೆ ತೊಯ್ದು ಬೂಸ್ಟು ಹಿಡಿದಿದ್ದರೆ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಮಾರಕ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕೆಂಪು ಸಿಪ್ಪೆಯೂ ಒಳ್ಳೆಯ ಕಾಳಿನದೇ ಆಗಿರಬೇಕು. ಪ್ರಯೋಗಾಲಯದಲ್ಲಿ ಕಂಡ ಗುಣವೆಲ್ಲ ಹಾಗೆಯೇ ಮೈಗೆ ಹತ್ತುತ್ತದೆ ಎಂದು ನಂಬಿ ಔಷಧ ಬಿಡುವುದೂ ಸಲ್ಲದು.

ಅದಕ್ಕೇ ತಿಳಿದವರ ಪರೀಕ್ಷೆ ಬೇಕು. ತುಕ್ಕು ರೋಗ, ಎಲೆಚುಕ್ಕೆ ತಡೆಯುವ ಜಿಪಿಬಿಡಿ-4 ಶೇಂಗಾ ತಳಿಯನ್ನು ಕೊಟ್ಟದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಅಲ್ಲಿನ ವಿಜ್ಞಾನಿಗಳು ನಮ್ಮಂಥ ಮನೆ ಉದ್ಯೋಗದವರ ಸಿಪ್ಪೆಯನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಿ, ಹೇಗೆ ಒಣಗಿಸಬೇಕು, ಎಷ್ಟು ದಿನ ಇಡಬಹುದು, ಚಟ್ನಿಗೆ ಎಷ್ಟು ಬೆರೆಸಬಹುದು ಎಂದು ಮಹಿಳಾ ಸಂಘಗಳಿಗೆ ತಿಳಿಸಿಕೊಡಲಿ. ಈ ಹಂಗಾಮಿನ ಸಿಪ್ಪೆಯನ್ನು ನಾನು ತಿಪ್ಪೆಗೆ ಹಾಕಿಲ್ಲ. ಬಟ್ಟೆಯ ಚೀಲದಲ್ಲಿ ಕಟ್ಟಿ, ತೇವ ತಾಗದಂತೆ ಅಟ್ಟದ ಮೇಲಿಟ್ಟಿದ್ದೇನೆ. ಪರೀಕ್ಷೆಗೆ ಬೇಕೆಂದರೆ ಧಾರವಾಡಕ್ಕೆ ನಾನೇ ತಂದುಕೊಡುತ್ತೇನೆ.

– ಶೇಂಗಾ ಚಟ್ನಿ ತಯಾರಿಸುವ ಓದುಗಿ, ಗದಗ-ಬೆಟಗೇರಿ